ಚೈನ್ ಒಂದನ್ನೇ ಬದಲಿಸಿದರೆ ಸಾಲದು

ಗಂಗಾವತಿ, ಕುಷ್ಟಗಿ ಕಡೆ ಬಾಡಿಗೆಗೆ ಓಡುವ ಸ್ವಿಫ್ಟ್ ಡಿಸೈರ್‌ನ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿರುವುದು ಬೆಲ್ಟಲ್ಲ, ಟೈಮಿಂಗ್ ಚೈನು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಆ ಲೆಕ್ಕ ಕಾಯುವುದು ಈ ಚೈನೇ. ಎಂಜಿನ್ ಬಿಚ್ಚಿ ಕಟ್ಟುವಾಗ ಗೈಡ್, ಟೆನ್ಷನರ್, ಸ್ಪ್ರಾಕೆಟ್‌ಗಳನ್ನೂ ಜೊತೆಗೇ ಬದಲಿಸಬೇಕು. ಚೈನು ಉದ್ದವಾಗುವುದು ಉಕ್ಕು ಹಿಗ್ಗಿ ಅಲ್ಲ, ಕೊಂಡಿಗಳ ಪಿನ್ನು ಸವೆದು. ಸ್ಪ್ರಾಕೆಟ್ ಹಲ್ಲುಗಳೂ ಅದರ ಜೊತೆ ಸವೆದಿರುತ್ತವೆ. ಹಳೆ ಹಲ್ಲಿಗೆ ಹೊಸ ಚೈನು ಹಾಕಿದರೆ ಅದೂ ಬೇಗ ಹಾಳು.

‘ಚೈನು ಎಂಜಿನ್ ಇರುವತನಕ ಬಾಳುತ್ತದೆ, ಖರ್ಚು ಯಾಕೆ?’ ಎನ್ನುವವರಿದ್ದಾರೆ. ಬಾಳುತ್ತದೆ, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾದರೆ! ಟೆನ್ಷನರ್ ಬಿಗಿ ಹಿಡಿಯುವುದೇ ಆಯಿಲ್ ಒತ್ತಡದಿಂದ. ಚೈನು ಹಲ್ಲು ಜಿಗಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ; ಆ ಖರ್ಚಿನ ಮುಂದೆ ಪೂರ್ತಿ ಸೆಟ್ಟಿನ ಬೆಲೆ ಏನೂ ಅಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಎಂಜಿನ್ನಿನ ಪಕ್ಕದಲ್ಲಿ ಗರಗರ ಸದ್ದು ಬಂದರೆ, ಬಾಡಿಗೆಗೆ ಹೊರಡುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ.