ಒಂದು ಹೆಜ್ಜೆಗೆ 282 ಕೋಟಿ ಕಿಲೋಮೀಟರ್

ಬೆಂಗಳೂರಿನ ಶ್ರೀನಗರದ ಬಸ್ ನಿಲ್ದಾಣದಲ್ಲಿ ಬ್ಯಾಗು ಹೆಗಲಿಗೇರಿಸಿ ನಿಂತಿರುವ, ಈಗಷ್ಟೇ ಇಪ್ಪತ್ತು ತುಂಬಿದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಆಧಾರ್ ಕಾರ್ಡಿನಲ್ಲಿ ಅವನಿಗಿರುವುದು ಒಂದೇ ಹುಟ್ಟಿದ ದಿನ. ಮದ್ಯದ ಕಾನೂನಿನ ಲೆಕ್ಕದಲ್ಲಿ ಮಾತ್ರ ಅವನಿಗೆ ದಿಕ್ಕಿಗೊಂದು ವಯಸ್ಸು. ಬೆಂಗಳೂರಿನಲ್ಲಿ ಕನಿಷ್ಠ ವಯಸ್ಸು 21, ಹಾಗಾಗಿ ಇಲ್ಲಿ ಅವನು ಒಂದು ವರ್ಷ ಚಿಕ್ಕವನು. ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರೂ 21, ಹಿಂದೂಪುರಕ್ಕೆ ಹೋದರೂ 21, ಹೈದರಾಬಾದಿಗೆ ಹೋದರೂ 21. ಆದರೆ ಮಂಗಳೂರು ಕಳೆದು ತಲಪಾಡಿ ದಾಟಿ ಮಂಜೇಶ್ವರಕ್ಕೆ ಕಾಲಿಟ್ಟನೋ, ಮೂರು ವರ್ಷ ಚಿಕ್ಕವನಾಗುತ್ತಾನೆ. ಕೇರಳದಲ್ಲಿ 23. ನಿಪ್ಪಾಣಿ, ಕೊಗನೊಳ್ಳಿ ಕಳೆದು ಮಹಾರಾಷ್ಟ್ರದ ಕಾಗಲ್ ಸೇರಿದರೆ ಬಿಯರ್‌ಗೆ 21, ವಿಸ್ಕಿಗೆ 25. ಅಲ್ಲಿ ಅವನು ಐದು ವರ್ಷ ಚಿಕ್ಕವನು. ಕಾರವಾರದಾಚೆ ಮಾಜಾಳಿಯಿಂದ ಗೋವಾದ ಪೋಳೆಂ ಕಡೆಗೆ ದಾಟಿದರೆ ಮಾತ್ರ ಅವನು ದೊಡ್ಡವನಾಗಿ ಆಗಲೇ ಎರಡು ವರ್ಷ ಕಳೆದಿರುತ್ತದೆ. ಅಲ್ಲಿ 18!

ನಮ್ಮ 21ಕ್ಕೂ ಗೋವಾದ 18ಕ್ಕೂ ಇರುವ ಮೂರು ವರ್ಷದ ಅಂತರ ಎಂದರೆ ಎಷ್ಟು ದೊಡ್ಡದು? ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಐದೇ ಸೆಕೆಂಡು ಎಂದಿಟ್ಟುಕೊಳ್ಳಿ. ವರ್ಷಕ್ಕೆ 94 ಕೋಟಿ ಕಿ.ಮೀ., ಮೂರು ವರ್ಷಕ್ಕೆ 282 ಕೋಟಿ ಕಿ.ಮೀ. ಸೂರ್ಯನಿಂದ ಯುರೇನಸ್ ಗ್ರಹಕ್ಕೆ ಇರುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಗೋವಾ ಗಡಿಯಲ್ಲಿ 21ರಿಂದ 18ಕ್ಕೆ ಇಡುವ ಒಂದು ಹೆಜ್ಜೆ ಯುರೇನಸ್ ಮುಟ್ಟುವ ಹೆಜ್ಜೆ. ತಲಪಾಡಿಯಲ್ಲಿ 21ರಿಂದ 23ಕ್ಕೆ ಇಡುವ ಹೆಜ್ಜೆ 188 ಕೋಟಿ ಕಿ.ಮೀ., ಶನಿಗ್ರಹ ದಾಟಿತು. ಕೊಗನೊಳ್ಳಿಯಲ್ಲಿ 21ರಿಂದ 25ಕ್ಕೆ 376 ಕೋಟಿ ಕಿ.ಮೀ., ಯುರೇನಸ್ಸೂ ಹಿಂದೆ ಬಿತ್ತು.

ದಾಖಲೆ ಇನ್ನೂ ಮುಂದಿದೆ. ಕೇರಳದ ಹೊಟ್ಟೆಯೊಳಗೆ ಮಾಹೆ ಎಂಬ ಊರಿದೆ. ಆಡಳಿತದ ಲೆಕ್ಕದಲ್ಲಿ ಅದು ಪುದುಚೇರಿಗೆ ಸೇರಿದ್ದು. ವಿಸ್ತೀರ್ಣ ಸುಮಾರು 9 ಚದರ ಕಿ.ಮೀ., ಒಂಬತ್ತು ಲಾಲ್‌ಬಾಗ್ ಪಕ್ಕಪಕ್ಕ ಹಾಸಿದಷ್ಟು. ಸುತ್ತಲೂ 23, ಒಳಗೆ 18. ಇಲ್ಲಿ ಒಂದು ಹೆಜ್ಜೆಗೆ ಐದು ವರ್ಷ, 470 ಕೋಟಿ ಕಿ.ಮೀ. ನೆಪ್ಚೂನ್ ಗ್ರಹ ಸೂರ್ಯನಿಂದ 450 ಕೋಟಿ ಕಿ.ಮೀ. ದೂರದಲ್ಲಿದೆ. ಸೌರವ್ಯೂಹದ ಕೊನೆಯ ಗ್ರಹವನ್ನೂ ದಾಟಿಸುವ ಹೆಜ್ಜೆಯನ್ನು ಮಾಹೆಯ ಗಡಿಯಲ್ಲಿ ಜನ ದಿನವೂ ಚಪ್ಪಲಿ ಹಾಕಿಕೊಂಡೇ ಇಡುತ್ತಾರೆ.

ಇದೇ ಹೆಚ್ಚು ಅಂದುಕೊಂಡರೆ ಗುಜರಾತಿಗೆ ಬನ್ನಿ. ರಾಜ್ಯ ಹುಟ್ಟಿದ 1960ರಿಂದಲೂ ಅಲ್ಲಿ ಪಾನನಿಷೇಧ. ಬಿಹಾರದಲ್ಲಿ 2016ರ ಏಪ್ರಿಲ್‌ನಿಂದ. ಅಲ್ಲಿ ಕನಿಷ್ಠ ವಯಸ್ಸು 25 ಅಲ್ಲ, 50 ಅಲ್ಲ, 100ನ್ನು ದಾಟಿದರೂ ಅಲ್ಲ. ಬಿಹಾರದ ಶತಾಯುಷಿ ಅಜ್ಜನೂ ಈ ಕಾನೂನಿನ ಮುಂದೆ ಎಳೆ ಮಗುವೇ. 2011ರ ಜನಗಣತಿಯಂತೆ ಎರಡೂ ರಾಜ್ಯ ಸೇರಿದರೆ 16 ಕೋಟಿಗೂ ಹೆಚ್ಚು ಜನ, ಎರಡೂವರೆ ಕರ್ನಾಟಕಕ್ಕಿಂತ ಜಾಸ್ತಿ. ಹೆಚ್ಚುಕಡಿಮೆ ಅಷ್ಟೂ ಜನರಿಗೆ ಕುಡಿಯುವ ವಯಸ್ಸು ಅನಂತ.

ಈಗ ವಿದೇಶಕ್ಕೆ ಹೋಗೋಣ. ಜರ್ಮನಿಯಲ್ಲಿ ಬಿಯರ್, ವೈನ್‌ಗೆ 16, ಗಟ್ಟಿ ಮದ್ಯಕ್ಕೆ 18. ಅಪ್ಪ-ಅಮ್ಮ ಪಕ್ಕದಲ್ಲಿದ್ದರೆ ಬಿಯರ್‌ಗೆ 14 ಸಾಕು. ಜಪಾನಿನಲ್ಲಿ 2022ರಲ್ಲಿ ಪ್ರಾಯಕ್ಕೆ ಬರುವ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿದರು, ಕುಡಿಯುವ ವಯಸ್ಸನ್ನು ಮಾತ್ರ 20ರಲ್ಲೇ ಬಿಟ್ಟರು. ನ್ಯೂಜಿಲೆಂಡ್ 1999ರಲ್ಲಿ 20ರಿಂದ 18ಕ್ಕೆ ಇಳಿಯಿತು, ಲಿಥುವೇನಿಯಾ 2018ರಲ್ಲಿ 18ರಿಂದ 20ಕ್ಕೆ ಏರಿತು. ಎರಡು ದೇಶ ಒಂದೇ ಏಣಿಯಲ್ಲಿ ಎದುರುಬದುರಾಗಿ ಹಾದುಹೋದವು. ಇವೆಲ್ಲಕ್ಕೂ ಕಿರೀಟ ಬ್ರಿಟನ್ನಿನದು. ಅಂಗಡಿಯಲ್ಲಿ ಕೊಳ್ಳಲು 18 ಆಗಬೇಕು, ಸರಿ. ಆದರೆ ಮನೆಯೊಳಗೆ ಮಗುವಿಗೆ ಮದ್ಯ ಕೊಡುವುದು ಅಪರಾಧವಾಗುವುದು ಮಗು ಐದು ವರ್ಷದೊಳಗಿದ್ದರೆ ಮಾತ್ರ. ಐದು! ನಮ್ಮಲ್ಲಿ ಯುಕೆಜಿ ಮಗು ಅಕ್ಷರ ತಿದ್ದುವ ವಯಸ್ಸು. ಬ್ರಿಟನ್ನಿನ ಮನೆಯ 5ಕ್ಕೂ ಕೊಲ್ಹಾಪುರದ ಬಾರಿನ 25ಕ್ಕೂ ನಡುವೆ 20 ವರ್ಷ, 1,880 ಕೋಟಿ ಕಿ.ಮೀ. 1977ರಲ್ಲಿ ಹಾರಿದ ವಾಯೇಜರ್-1 ನೌಕೆ ಇಷ್ಟು ವರ್ಷ ಓಡಿ ತಲುಪಿರುವ ದೂರದ ಮುಕ್ಕಾಲು ಪಾಲು ಇದು.

ಅಷ್ಟು ದೂರ ಹೋಗುವುದೇಕೆ? ನಮ್ಮ ರಾಜ್ಯದ ಕಾನೂನಿನ ಒಳಗೇ ಒಂದು ಯುರೇನಸ್ ಇದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆ 18ರೊಳಗಿನವರಿಗೆ ಮದ್ಯ ಮಾರಬೇಡಿ ಎನ್ನುತ್ತದೆ. 1967ರ ಸನ್ನದು ನಿಯಮಗಳು 21ರೊಳಗಿನವರಿಗೆ ಮಾರಬೇಡಿ ಎನ್ನುತ್ತವೆ. ಹುಟ್ಟಿದ್ದರಲ್ಲಿ ಎರಡು ವರ್ಷದ ಅಂತರ, ಹೇಳುವುದರಲ್ಲಿ ಮೂರು ವರ್ಷದ ಅಂತರ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಎರಡೂ ಒಂದೇ ಸೂರಿನಡಿ ಸಂಸಾರ ಮಾಡಿವೆ. 2023ರ ಜನವರಿಯಲ್ಲಿ ಸರ್ಕಾರ 21ನ್ನು 18ಕ್ಕೆ ಇಳಿಸುವ ಕರಡು ಹೊರಡಿಸಿ, ಆಕ್ಷೇಪಣೆ ಇದ್ದರೆ ತಿಳಿಸಿ ಎಂದಿತು. ಆಕ್ಷೇಪಣೆಗಳು ಬಂದವು. ಅದೇ ತಿಂಗಳು ಕರಡು ವಾಪಸ್ಸಾಯಿತು. ಆ ಮೂರು ವರ್ಷದ ಸಾಲಿನಲ್ಲಿ ನಿಂತಿದ್ದ ರಾಜ್ಯದ ಹುಡುಗ ಹುಡುಗಿಯರನ್ನು ಒರಟಾಗಿ ಎಣಿಸಿದರೂ 30 ಲಕ್ಷ ಸಿಗುತ್ತಾರೆ. ಐಸ್‌ಲ್ಯಾಂಡ್ ಎಂಬ ಇಡೀ ದೇಶದ ಜನಸಂಖ್ಯೆ 4 ಲಕ್ಷ ಮುಟ್ಟುವುದಿಲ್ಲ. ಏಳು ಐಸ್‌ಲ್ಯಾಂಡ್‌ಗಳು ಒಂದೇ ತಿಂಗಳಲ್ಲಿ ದೊಡ್ಡವರಾಗಲು ಹೊರಟು ಮತ್ತೆ ಚಿಕ್ಕವರಾದವು!

ಇಳಿಸಿ ಎನ್ನುವವರ ವಾದದಲ್ಲೂ ಅಂಕಿಗೆ ಬರವಿಲ್ಲ. ಮತ ಹಾಕುವ ವಯಸ್ಸು 1989ರಲ್ಲೇ 21ರಿಂದ 18ಕ್ಕೆ ಇಳಿದಿದೆ. 2024ರ ಲೋಕಸಭಾ ಚುನಾವಣೆಯ ಪಟ್ಟಿಯಲ್ಲಿ 18-19 ವಯಸ್ಸಿನವರೇ ಸುಮಾರು 1.8 ಕೋಟಿ, ಹೆಚ್ಚುಕಡಿಮೆ ಒಂದು ನೆದರ್ಲೆಂಡ್ಸ್. ದೇಶದ ಸರ್ಕಾರ ಆರಿಸುವ ಬುದ್ಧಿ ಬಂದಿದೆ, ಬಿಯರ್ ಬಾಟಲಿ ಆರಿಸುವ ಬುದ್ಧಿ ಬಂದಿಲ್ಲವೇ ಎಂಬುದು ಅವರ ಪ್ರಶ್ನೆ. ಅಮೆರಿಕದಲ್ಲೂ 2008ರಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳ ಅಧ್ಯಕ್ಷರು 21ರ ಬಗ್ಗೆ ಮತ್ತೆ ಯೋಚಿಸಿ ಎಂದು ಸಹಿ ಹಾಕಿದ್ದರು.

ಬೇಡ ಎನ್ನುವವರೂ ಅಮೆರಿಕವನ್ನೇ ತೋರಿಸುತ್ತಾರೆ. 1984ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ರಾಜ್ಯಗಳಿಗೆ ಹೇಳಿದ್ದು ಇಷ್ಟು: 21 ಮಾಡಿ, ಇಲ್ಲದಿದ್ದರೆ ಹೆದ್ದಾರಿ ಅನುದಾನದಲ್ಲಿ ಶೇ. 10 ಕಡಿತ. 1988ರ ಹೊತ್ತಿಗೆ 50ಕ್ಕೆ 50 ರಾಜ್ಯಗಳೂ ಒಪ್ಪಿದವು. ಕನಿಷ್ಠ ವಯಸ್ಸಿನ ಕಾನೂನುಗಳಿಂದ 1975-2017ರ ನಡುವೆ ರಸ್ತೆಯಲ್ಲಿ ಉಳಿದ ಜೀವಗಳು 31,959 ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಅಂದಾಜಿಸಿದೆ. ಬಸ್ಸಿಗೆ 40ರಂತೆ ಕೂರಿಸಿದರೆ 800 ಬಿಎಂಟಿಸಿ ಬಸ್ಸು ಬೇಕು. ಆ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಸಾಲು ಶ್ರೀನಗರದಿಂದ ಮೆಜೆಸ್ಟಿಕ್ ಮುಟ್ಟಿ, ತಿರುಗಿ, ಮತ್ತೆ ಶ್ರೀನಗರದ ಹತ್ತಿರಕ್ಕೆ ಬರುತ್ತದೆ. ಅಷ್ಟೂ ಬಸ್ಸಿನ ತುಂಬ ಬದುಕಿ ಉಳಿದವರು.

ಇಷ್ಟು ಜಗಳದ ನಡುವೆ ಹಣದ ಕಡೆ ಕಣ್ಣು ಹಾಯಿಸಿದರೆ ಮೇಲಿನ ಲೆಕ್ಕವೆಲ್ಲ ಚಿಲ್ಲರೆ ಅನ್ನಿಸುತ್ತದೆ. 2025-26ರ ಬಜೆಟ್‌ನಲ್ಲಿ ಕರ್ನಾಟಕದ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ದಿನಕ್ಕೆ 109 ಕೋಟಿ, ನಿಮಿಷಕ್ಕೆ ಏಳೂವರೆ ಲಕ್ಷ, ಸೆಕೆಂಡಿಗೆ 12,600 ರೂಪಾಯಿಗೂ ಹೆಚ್ಚು. ‘ಹದಿನೆಂಟೋ ಇಪ್ಪತ್ತೊಂದೋ’ ಎಂದು ಬಾಯಿಬಿಟ್ಟು ಹೇಳಲು ಎರಡು ಸೆಕೆಂಡು ಬೇಕು. ಅಷ್ಟರಲ್ಲಿ ಖಜಾನೆಗೆ 25 ಸಾವಿರ ಜಮೆ. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ. ಈ ಗುರಿಯ ದುಡ್ಡಿನಲ್ಲಿ ವರ್ಷಕ್ಕೆ 65 ಚಂದ್ರಯಾನ, ಆರು ದಿನ ತುಂಬುವ ಮೊದಲೇ ಒಂದು! ಅಷ್ಟನ್ನೂ 500ರ ನೋಟು ಮಾಡಿಸಿದರೆ 80 ಕೋಟಿ ನೋಟು. ನೋಟೊಂದು 15 ಸೆಂಟಿಮೀಟರ್ ಉದ್ದ. ತುದಿಗೆ ತುದಿ ತಾಗಿಸಿ ಹಾಸಿದರೆ 1,20,000 ಕಿ.ಮೀ., ಸಮಭಾಜಕದ ಮೇಲೆ ಭೂಮಿಗೆ ಹೆಚ್ಚುಕಡಿಮೆ ಮೂರು ಸುತ್ತು.

ಇನ್ನು ಬಾಟಲಿಯ ಲೆಕ್ಕ. 2023-24ರಲ್ಲಿ ರಾಜ್ಯದಲ್ಲಿ ಮಾರಾಟವಾದ ಬ್ರಾಂದಿ, ವಿಸ್ಕಿ, ರಮ್ಮು ಇತ್ಯಾದಿ ಸುಮಾರು 7 ಕೋಟಿ ಪೆಟ್ಟಿಗೆ. ಪೆಟ್ಟಿಗೆಗೆ 48 ಕ್ವಾರ್ಟರ್‌ನಂತೆ 336 ಕೋಟಿ ಕ್ವಾರ್ಟರ್. 2011ರ ಜನಗಣತಿಯ 6.11 ಕೋಟಿ ಜನರಿಗೆ ಹಂಚಿದರೆ ತೊಟ್ಟಿಲಲ್ಲಿರುವ ಕೂಸಿಗೂ ವರ್ಷಕ್ಕೆ 55 ಕ್ವಾರ್ಟರ್ ಪಾಲು ಬರುತ್ತದೆ. ಲೀಟರ್‌ನಲ್ಲಿ ಹೇಳಿದರೆ 60 ಕೋಟಿ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 6,000 ಲೀಟರಿನ ನೀರಿನ ಟ್ಯಾಂಕರ್‌ಗೆ ತುಂಬಿಸಿದರೆ ಒಂದು ಲಕ್ಷ ಟ್ಯಾಂಕರ್. ಸಾಲಾಗಿ ನಿಲ್ಲಿಸಿದರೆ ಬೆಂಗಳೂರಿನಲ್ಲಿ ಶುರುವಾದ ಸಾಲು ಬೆಳಗಾವಿ ದಾಟಬೇಕು. ಬಿಯರ್ ಇದರಲ್ಲಿ ಸೇರಿಲ್ಲ. ಅದರದ್ದೇ ಬೇರೆ 4 ಕೋಟಿ ಪೆಟ್ಟಿಗೆಯ ಆಸುಪಾಸು. ತಲೆ ತಿರುಗಲು ಕುಡಿಯಲೇಬೇಕಿಲ್ಲ, ಲೆಕ್ಕ ಮಾಡಿದರೆ ಸಾಕು.

ಈ ಸಾಗರ ಹರಿಯುವುದು ಹನ್ನೆರಡು ಸಾವಿರಕ್ಕೂ ಹೆಚ್ಚು ಸನ್ನದುಗಳ ಮೂಲಕ. ಅದರಲ್ಲಿ ಒಂದರ ಮುಂದೆ ಸಂಜೆ ಏಳರ ಹೊತ್ತಿಗೆ ನಿಂತು ನೋಡಿ. ದಕ್ಷಿಣ ಬೆಂಗಳೂರಿನಲ್ಲಿ ಎಲ್ಲಿಯಾದರೂ ಸರಿ, ಬನಶಂಕರಿಯಾದರೂ ಬಿಟಿಎಂ ಆದರೂ ಸರಿ. ಕಬ್ಬಿಣದ ಸರಳಿನ ಕಿಂಡಿ, ಒಳಗೆ ಟ್ಯೂಬ್‌ಲೈಟ್, ಗೋಡೆಯ ಮೇಲೆ 21 ವರ್ಷದೊಳಗಿನವರಿಗೆ ಮದ್ಯ ಮಾರುವುದಿಲ್ಲ ಎಂಬ ಬೋರ್ಡು, ಅದರ ಮುಂದೆ ಎದೆಮಟ್ಟ ಪೇರಿಸಿದ ಬಿಯರ್ ಕ್ರೇಟು. ಹೆಗಲಲ್ಲಿ ಕಾಲೇಜು ಬ್ಯಾಗು, ಮೀಸೆ ಇನ್ನೂ ಮೂಡುತ್ತಿರುವ ಮುಖ. ‘ಅಣ್ಣಾ, ಎರಡು ನೈಂಟಿ, ಒಂದು ಸೋಡಾ.’ ಫೋನು ಮುಂದೆ ಬಂತು, ಯುಪಿಐ ಪೆಟ್ಟಿಗೆ ‘ರೂಪಾಯಿ ಬಂದಿದೆ’ ಎಂದು ಕೂಗಿತು, ಕರಿ ಕವರು ಕೈ ಬದಲಾಯಿತು. ಸೋಡಾ ತಣ್ಣಗಿದೆಯಾ ಎಂದು ಗಿರಾಕಿ ಕೇಳಿದ. ವಯಸ್ಸೆಷ್ಟು ಎಂದು ಯಾರೂ ಕೇಳಲಿಲ್ಲ. ಶನಿ, ಯುರೇನಸ್, ನೆಪ್ಚೂನ್ ಎಲ್ಲ ಹತ್ತು ಸೆಕೆಂಡಿನಲ್ಲಿ ಮುಗಿದವು.

ಕಿಂಡಿಯ ಈಚೆಗಿನ ಅಂಕಿಗಳು ನಗಿಸುವುದಿಲ್ಲ, ಆದರೆ ತೂಕದಲ್ಲಿ ಇವೇ ದೊಡ್ಡವು. 2019ರಲ್ಲಿ ಹೊರಬಂದ ಏಮ್ಸ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಇಡೀ ರಷ್ಯಾದ ಜನಸಂಖ್ಯೆಯೂ ಅಷ್ಟಿಲ್ಲ. ಕುಡಿತದಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು 5.7 ಕೋಟಿ. ಒಬ್ಬೊಬ್ಬರಿಗೆ ಒಂದೂವರೆ ಮೀಟರ್ ಜಾಗ ಕೊಟ್ಟು ಕೈಕೈ ಹಿಡಿಸಿ ನಿಲ್ಲಿಸಿದರೆ ಸಾಲು ಭೂಮಿಗೆ ಎರಡು ಸುತ್ತು ಬಂದು ಮೂರನೆಯದಕ್ಕೆ ಹೊರಡುತ್ತದೆ. ಜಗತ್ತಿನ ಲೆಕ್ಕ ಇದಕ್ಕೂ ಹಿರಿದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 2019ರಲ್ಲಿ ಮದ್ಯದಿಂದಾದ ಸಾವು 26 ಲಕ್ಷ. ಒಂದೇ ವರ್ಷದಲ್ಲಿ, 2011ರ ಜನಗಣತಿಯ ಲೆಕ್ಕದಲ್ಲಿ, ಸುಮಾರು ಮೂರು ಮೈಸೂರು ನಗರ ಖಾಲಿಯಾದಂತೆ. ದಿನಕ್ಕೆ 7,100, ನಿಮಿಷಕ್ಕೆ ಐದು. ಸೋಡಾ ಒಡೆದು ಬೆರೆಸಿ ಮೊದಲ ಗುಟುಕು ಇಳಿಸುವಷ್ಟರಲ್ಲಿ ಐವರು.

ಕೊನೆಗೆ, ಮತ್ತೊಂದು ದೊಡ್ಡ ಸಂಖ್ಯೆ ಆ ಕಾಲೇಜು ಬ್ಯಾಗಿನ ಹುಡುಗನ ತಲೆಯೊಳಗೇ ಇದೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಸೆಕೆಂಡಿಗೊಂದರಂತೆ ಊಟ ನಿದ್ದೆ ಬಿಟ್ಟು ಎಣಿಸಿದರೆ 2,700 ವರ್ಷ ಬೇಕು. ಬುದ್ಧ ಹುಟ್ಟುವ ಮೊದಲೇ ಎಣಿಸಲು ಕುಳಿತವನು ಹಲ್ಮಿಡಿ ಶಾಸನ ಕೆತ್ತುವ ಹೊತ್ತಿಗೆ ಅರ್ಧವನ್ನೂ ಮುಟ್ಟಿರುತ್ತಿರಲಿಲ್ಲ, ಇವತ್ತು ಮುಗಿಸುತ್ತಿದ್ದ. ಈ ಮಹಾ ಕಟ್ಟಡದ ಕೆಲಸ ಇಪ್ಪತ್ತರ ಪ್ರಾಯದ ನಡುವಿನವರೆಗೂ ನಡೆಯುತ್ತಲೇ ಇರುತ್ತದೆ ಎನ್ನುತ್ತಾರೆ ವೈದ್ಯರು. ಮೂರು ವರ್ಷ ತಡವಾದರೆ ಏನು ನಷ್ಟ ಎಂದು ಕೇಳುವವರ ಬಲವೆಲ್ಲ ಇಲ್ಲಿದೆ.

ನನ್ನ ತೀರ್ಪು ಇಷ್ಟು: 21 ಇರಲಿ. ಆದರೆ ಅದು ಗೋಡೆಯ ಮೇಲೆ ಇದ್ದು ಗಲ್ಲಾದ ಮೇಲೆ ಇಲ್ಲದಿದ್ದರೆ, ಕೇರಳದ 23, ಗೋವಾದ 18, ಬಿಹಾರದ ಅನಂತ, ಎಲ್ಲದರ ಬೆಲೆಯೂ ಸೊನ್ನೆ. ‘ತಮ್ಮಾ, ಆಧಾರ್ ತೋರ್ಸು’ ಎನ್ನಲು ಬೇಕಾದದ್ದು ಮೂರು ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ಖಜಾನೆಗೆ ಬರುವುದು 38 ಸಾವಿರ ರೂಪಾಯಿ. ಅಷ್ಟು ಹೊತ್ತು ಕಾಯುವಷ್ಟು ಶ್ರೀಮಂತಿಕೆ ನಮ್ಮ ರಾಜ್ಯಕ್ಕಿದೆ. ಅಂಗಡಿಯವರೇ, ದಯವಿಟ್ಟು ಕೇಳಿ.