ಅಪ್ಪನ ಜಾವಾ, ಟ್ಯಾಂಕಿನ ತುಕ್ಕು

ಹಿತ್ತಿಲ ಷೆಡ್ಡಿನಲ್ಲಿ ಗೋಣಿತಾಟು ಹೊದ್ದು ನಿಂತಿರುವ ಅಪ್ಪನ ಜಾವಾ ಮೋಟಾರ್ ಸೈಕಲ್ಲನ್ನು ಮತ್ತೆ ಓಡಿಸಬೇಕೆಂಬ ಆಸೆ ಎಷ್ಟೋ ಮನೆಗಳಲ್ಲಿದೆ. ಬಣ್ಣ ಮಾಸಿದ್ದರೆ ಬಳಿಸಬಹುದು. ಟೈರು ಸವೆದಿದ್ದರೆ ಕೊಳ್ಳಬಹುದು. ಆದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ಟಾರ್ಚಿನ ಬೆಳಕು ಹಾಯಿಸಿದಾಗ ಒಳಗೆಲ್ಲ ತುಕ್ಕು ಕವಿದಿದ್ದರೆ ಎದೆ ಧಸಕ್ಕೆನ್ನುತ್ತದೆ. ಮೈಸೂರಿನಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಬಂದ ಟ್ಯಾಂಕು ಹಾಳಾದರೆ ಅಂತಹುದೇ ಇನ್ನೊಂದು ಸುಲಭವಾಗಿ ದೊರೆಯದು.

ಅರ್ಧ ಬರಿದಾದ ಟ್ಯಾಂಕಿನೊಳಗಿನ ಗಾಳಿಯ ತೇವವು ರಾತ್ರಿಯ ತಂಪಿಗೆ ಹನಿಗೂಡಿ ಉಕ್ಕಿನ ಗೋಡೆಗೆ ಅಂಟುತ್ತದೆ. ತುಕ್ಕಿಗೆ ಅದೇ ಮೂಲ. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಕೂಡ ತೇವವನ್ನು ಸೆಳೆಯುತ್ತದೆ. ಉದುರಿದ ಹುಡಿ ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರವನ್ನು ಕಟ್ಟಿತೆಂದರೆ ಬಂಡಿ ನಡುಬೀದಿಯಲ್ಲಿ ನಿಂತಂತೆಯೇ.

ಕಕ್ಕಸು ತೊಳೆಯುವ ಆಸಿಡ್ ಸುರಿದು ಒಂದೇ ಗಂಟೆಯಲ್ಲಿ ಕೆಲಸ ಮುಗಿಸುವ ಅವಸರಗಾರರುಂಟು. ಆ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತುಕ್ಕು ಯಾವುದು, ಉಕ್ಕು ಯಾವುದು ಎಂಬ ವಿವೇಕವಿಲ್ಲ, ಎರಡನ್ನೂ ತಿನ್ನುತ್ತದೆ. ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣಿನಿಂದ ಬೆಳಗುವ ಗೃಹಿಣಿಗೆ ಮರ್ಮ ಗೊತ್ತು: ಸೌಮ್ಯವಾದ ಹುಳಿಯೇ ಸಾಕು, ಅದಕ್ಕೆ ಹೊತ್ತು ಕೊಡಬೇಕು.

ಮೊದಲು ಟ್ಯಾಂಕನ್ನು ಕಳಚಿ, ಬೆಂಕಿ, ಬೀಡಿ, ವಿದ್ಯುತ್ತಿನ ಕಿಡಿ ಯಾವುದೂ ಸುಳಿಯದ ಬಯಲಿನಲ್ಲಿ ಪೆಟ್ರೋಲನ್ನು ಬಸಿಯಬೇಕು. ಬರಿದಾದ ಟ್ಯಾಂಕಿನಲ್ಲಿ ಉಳಿಯುವ ಆವಿಯೂ ಸಿಡಿಯಬಲ್ಲದು. ಆದ್ದರಿಂದ ವಾಸನೆ ಅಡಗುವವರೆಗೂ ಸೋಪಿನ ನೀರಿನಿಂದ ತೊಳೆಯಬೇಕು. ಪೆಟ್ರೋಲ್ ಕಾಕ್ ಬಿಚ್ಚಿದ ರಂಧ್ರಕ್ಕೆ ರಬ್ಬರ್ ಬಿರಡೆ ಜಡಿದು, ಸ್ವಲ್ಪ ನೀರಿನೊಡನೆ ಹತ್ತಿಪ್ಪತ್ತು ನಟ್ಟುಗಳನ್ನು ಎಣಿಸಿ ಹಾಕಿ ಕುಲುಕಿದರೆ ಸಡಿಲವಾದ ತುಕ್ಕು ಕಳಚುತ್ತದೆ. ಹೊರತೆಗೆಯುವಾಗಲೂ ಲೆಕ್ಕ ತಪ್ಪಬಾರದು.

ಬಳಿಕ ಬಿಳಿ ವಿನಿಗರನ್ನಾಗಲಿ, ಲೀಟರ್ ನೀರಿಗೆ 50 ಗ್ರಾಂನಂತೆ ಕರಗಿಸಿದ ನಿಂಬೆ ಉಪ್ಪನ್ನಾಗಲಿ ತುಂಬಿಡಬೇಕು. ಒಳಗೆ ಜಲಜನಕ ಅನಿಲ ಹುಟ್ಟುವುದರಿಂದ ಮುಚ್ಚಳವನ್ನು ಬಿಗಿಯಬಾರದು, ಬಳಿಯಲ್ಲಿ ಬೆಂಕಿಯೂ ಇರಬಾರದು. ಹೊರಮೈಯ ಬಣ್ಣ, ಕ್ರೋಮಿಯಂಗಳ ಮೇಲೆ ಚೆಲ್ಲಿದ ಹನಿಯನ್ನು ಒಡನೆಯೇ ಒರೆಸಬೇಕು. ಕೆಲವು ಗಂಟೆಗಳಿಗೊಮ್ಮೆ ಇಣುಕಿ ನೋಡುತ್ತಿದ್ದು, ಬೂದುಬಣ್ಣದ ಉಕ್ಕು ಕಂಡೊಡನೆ ದ್ರಾವಣವನ್ನು ಹೊರಚೆಲ್ಲಿ, ಅಡಿಗೆ ಸೋಡಾ ಕದಡಿದ ನೀರಿನಿಂದಲೂ ಅನಂತರ ತಿಳಿನೀರಿನಿಂದಲೂ ತೊಳೆಯಬೇಕು.

ಇಲ್ಲಿಗೆ ಮುಗಿಯಿತೆಂದು ಊಟಕ್ಕೆದ್ದವರು ಕೆಟ್ಟರು! ಬರಿಮೈಯಾದ ಉಕ್ಕು ಒದ್ದೆಯಾಗಿದ್ದರೆ ನೋಡುನೋಡುತ್ತಿರುವಂತೆಯೇ ಮತ್ತೆ ಕೆಂಪಾಗುತ್ತದೆ. ತಡಮಾಡದೆ ಒಣಗಿಸಿ, ಒಳಗೆಲ್ಲ ಎಣ್ಣೆಯಾಡಿಸಬೇಕು. ಎರಡು ಸ್ಟ್ರೋಕಿನ ಜಾವಾಕ್ಕೆ ಪೆಟ್ರೋಲಿನೊಡನೆ ಬೆರೆಸುವ ಎಣ್ಣೆಯೇ ಇದಕ್ಕೆ ಒದಗುತ್ತದೆ. ತುಕ್ಕು ಹೋದ ಕಡೆ ಸೂಜಿಮೊನೆಯಷ್ಟು ತೂತು ಕಂಡರೆ ಮನೆಯಲ್ಲಿ ಬೆಸುಗೆಗೆ ಕೈಹಾಕದೆ ನುರಿತವರಲ್ಲಿಗೆ ಒಯ್ಯುವುದೇ ಕ್ಷೇಮ.

ಎರಡು ದಿನಗಳ ಈ ಶ್ರಮದ ಮೇಲೆ ಷೆಡ್ಡಿನ ಬಂಡಿ ಗುಡುಗುಟ್ಟಿ ಹೊಗೆಯುಗುಳಿದಾಗ, ಬಾಗಿಲಿಗೆ ಮೊದಲು ಬಂದು ನಿಲ್ಲುವವರು ಮನೆಯ ಹಿರಿಯರೇ ಆಗಿರುತ್ತಾರೆ.