ಎದೆಯೊಳಗೆ ತೊಂಬತ್ತಾರು ಚೀಲ

ಬಳ್ಳಾರಿ ಜಿಲ್ಲೆಯ ಸಿರಿಗೇರಿ ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಹಮಾಲರು 75 ಕೆಜಿ ಭತ್ತದ ಚೀಲ ಬೆನ್ನಿಗೇರಿಸಿ, ಹಲಗೆ ತುಳಿದು ಲಾರಿ ಹತ್ತುತ್ತಾರೆ. ಅಂಥ 96 ಚೀಲ ಎಣಿಸಿಕೊಳ್ಳಿ. ಸೋನಾಮಸೂರಿಯ ಸಾವಿರ ಕಾಳಿಗೆ 15 ಗ್ರಾಂ ಹಿಡಿದರೂ ಅಷ್ಟರಲ್ಲಿ 48 ಕೋಟಿ ಕಾಳು. ಚೀಲ ಹೊತ್ತವನ ಶ್ವಾಸಕೋಶಗಳಲ್ಲಿರುವ ಗಾಳಿಚೀಲಗಳೂ ಸರಿಸುಮಾರು ಅಷ್ಟೇ! ಬಿಡಿಸಿ ಹಾಸಿದರೆ 70 ಚದರ ಮೀಟರ್. 20×30 ಅಡಿಯ ಸೈಟು ತುಂಬಿ ರಸ್ತೆಗೂ ಚಾಚುತ್ತದೆ. ದಿನಕ್ಕೆ 20,000 ಉಸಿರು. ಶ್ವಾಸನಾಳ 23 ಸಲ ಕವಲೊಡೆದರೆ ತುದಿಗಳು 83 ಲಕ್ಷ, 2011ರ ಅವಿಭಜಿತ ಬಳ್ಳಾರಿ ಜಿಲ್ಲೆಯ ಜನರ ಮೂರು ಪಟ್ಟಿಗೂ ಹೆಚ್ಚು.

ಈಗ ಇದರೊಳಗೆ ಒಂದು ಗಡ್ಡೆ ಹುಡುಕಬೇಕು. ಒಂದು ಸೆಂಟಿಮೀಟರಿನ, ಒಂದು ಗ್ರಾಂ ತೂಕದ ಕ್ಯಾನ್ಸರ್ ಗಡ್ಡೆಯಲ್ಲಿ ಸುಮಾರು 100 ಕೋಟಿ ಕೋಶ: ಭತ್ತವಾಗಿದ್ದರೆ 200 ಚೀಲ! ಒಂದೇ ಕೋಶ 30 ಸಲ ಇಮ್ಮಡಿಯಾದರೆ ಸಾಕು, ಅಷ್ಟಾಗುತ್ತದೆ.

ಒಮ್ಮೊಮ್ಮೆ ಗಡ್ಡೆ ಒಂದಲ್ಲ, ಎರಡು, ಮೂರು. ಬಲಕ್ಕೊಂದು, ಎಡಕ್ಕೊಂದು. ಸಿ.ಟಿ. ಸ್ಕ್ಯಾನು 30 ಸೆಂಟಿಮೀಟರಿನ ಎದೆಯನ್ನು ಮಿಲಿಮೀಟರಿಗೊಂದರಂತೆ 300 ಚಿತ್ರಗಳಾಗಿ ಸೀಳಿ ತೋರಿಸುತ್ತದೆ. ಒಂದೇ ಕ್ಯಾನ್ಸರ್ ಆಚೆ ಶ್ವಾಸಕೋಶಕ್ಕೆ ಹಬ್ಬಿದ್ದರೆ ನಾಲ್ಕನೇ ಹಂತ. ಎರಡೂ ತಮ್ಮಷ್ಟಕ್ಕೆ ಹುಟ್ಟಿದವಾದರೆ ಪ್ರತಿಯೊಂದೂ ಮೊದಲನೇ ಹಂತದ್ದಿರಬಹುದು, ಕತ್ತರಿಸಿ ತೆಗೆಯಬಹುದು. ನನಗಂತೂ ಇಡೀ ಲೆಕ್ಕದಲ್ಲಿ ಮೈ ಜುಮ್ಮೆನಿಸುವುದು ಇದೇ: ಎರಡು ಕ್ಯಾನ್ಸರ್ ಎಂಬುದೇ ಇಲ್ಲಿ ಒಳ್ಳೆಯ ಸುದ್ದಿ! 1975ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಮಾರ್ಟಿನಿ ಮತ್ತು ಮೆಲಮೆಡ್ ಹೀಗೆ ಬೇರೆಬೇರೆಯಾಗಿ ಹುಟ್ಟಿದ ಗಡ್ಡೆಗಳನ್ನು ಗುರುತಿಸುವ ಸೂತ್ರ ಬರೆದರು. ಇಂದು ಗಡ್ಡೆಗಳ ಡಿಎನ್‌ಎಯನ್ನೇ ಹೋಲಿಸಬಹುದು. ಆ ಡಿಎನ್‌ಎ ಬರಹದ ಒಂದು ಪ್ರತಿಯೆಂದರೆ ಸುಮಾರು 300 ಕೋಟಿ ಅಕ್ಷರದ ಜೋಡಿ. ಸೆಕೆಂಡಿಗೊಂದರಂತೆ ನಿದ್ದೆಗೆಟ್ಟು ಓದಿದರೂ 95 ವರ್ಷ.

ಕತ್ತರಿಸುವಾಗ ಉಳಿಸುವ ಲೆಕ್ಕವೇ ದೊಡ್ಡದು. ಬಲ ಶ್ವಾಸಕೋಶಕ್ಕೆ ಮೂರು ಹಾಲೆ (ದೊಡ್ಡ ಭಾಗ), ಎಡಕ್ಕೆ ಎರಡು. ಅವುಗಳೊಳಗೆ 18ರಿಂದ 20 ತುಂಡು. ಎರಡು ಸೆಂಟಿಮೀಟರ್ ಮೀರದ ಗಡ್ಡೆಯಿದ್ದ 1,106 ಜನರ ಮೇಲೆ ಜಪಾನಿನಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹಾಲೆ ಬಿಟ್ಟು ತುಂಡನ್ನಷ್ಟೇ ತೆಗೆಸಿಕೊಂಡವರಲ್ಲಿ ಐದು ವರ್ಷದ ಬಳಿಕವೂ ನೂರಕ್ಕೆ 94 ಮಂದಿ ಬದುಕಿದ್ದರು. ಇಡೀ ಹಾಲೆ ತೆಗೆಸಿಕೊಂಡವರಲ್ಲಿ 91. ಅವರಿಗಿದ್ದದ್ದು ಒಂದೊಂದೇ ಗಡ್ಡೆ. ಎರಡು ಮೂರು ಇರುವವರಿಗೆ ಉಳಿದ ಪ್ರತಿ ತುಂಡೂ ಕೋಟಿಗಟ್ಟಲೆ ಗಾಳಿಚೀಲ.

ಸಿರಿಗೇರಿಯಿಂದ 300 ಕಿಲೋಮೀಟರ್ ದಾಟಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟವರು ಈ ಲೆಕ್ಕವನ್ನೂ ಜೊತೆಗಿಟ್ಟುಕೊಳ್ಳಲಿ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಶಸ್ತ್ರವೈದ್ಯ ಎವರ್ಟ್ಸ್ ಗ್ರಹಾಂ ಕ್ಯಾನ್ಸರ್ ಇದ್ದ ಒಬ್ಬ ವೈದ್ಯನ ಎಡ ಶ್ವಾಸಕೋಶವನ್ನು ಪೂರ್ತಿ ತೆಗೆದರು. ಆ ರೋಗಿ ಗ್ರಹಾಂ ತೀರಿಕೊಂಡ ಮೇಲೂ ಬದುಕಿದ, ಒಟ್ಟು 30 ವರ್ಷ. ಒಂದೇ ಶ್ವಾಸಕೋಶದಲ್ಲಿ ಸುಮಾರು 22 ಕೋಟಿ ಉಸಿರು!